ರಾಜ ಬಂತು, ಮೇಕೆ ಬಂದರು

ಅರವತ್ತರ ದಶಕದ ಕೊನೆಯಲ್ಲಿ ನಾನು ಶಿವಾಜಿನಗರದ ಒಂದು ಕನ್ನಡ ಪ್ರೈಮರಿ ಶಾಲೆಗೆ ಟೀಚರಾಗಿ ಸೇರಿದೆ. ನನಗೆ ಸಿಕ್ಕಿದ್ದು ನಾಲ್ಕನೇ ಕ್ಲಾಸು. ಮಕ್ಕಳ ಮನೆಮಾತು ತಮಿಳು, ತೆಲುಗು, ದಖನಿ ಉರ್ದು. ಕನ್ನಡ ಶುರುವಾಗುತ್ತಿದ್ದುದೇ ಶಾಲೆಯ ಗೇಟಿನೊಳಗೆ.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆ ಮಾರುವವರ ಮಗಳೊಬ್ಬಳಿದ್ದಳು. ಮನೆಯಲ್ಲಿ ದಖನಿ. ಒಂದು ದಿನ ತಡವಾಗಿ ಬಂದಳು. ಯಾಕೆ ಅಂತ ಕೇಳಿದೆ.

"ನಮ್ಮಪ್ಪ ಊರಿಂದ ಬಂತು ಟೀಚರ್."

ಕ್ಲಾಸು ಹೋ ಎಂದಿತು. ಒಬ್ಬಳು ಕೂಗಿದಳು. "ಅಪ್ಪ ಬಂತಂತೆ! ಬಾಲ ಇತ್ತೇನೇ?"

ಹುಡುಗಿ ಕೂತವಳು ಬಾಯಿಗೆ ಬೀಗ ಹಾಕಿಕೊಂಡಳು. ನಾನು ಗದರಿಸಿದೆ, ರಮಿಸಿದೆ. ತಿಂಗಳಾದರೂ ಬೀಗ ತೆಗೆಯಲಿಲ್ಲ.

ಶನಿವಾರದ ಕೊನೆಯ ಪೀರಿಯಡ್ಡು ಕಥೆಗೆ. ನಾನು ಹಲಸೂರಿನ ಮನೆಯಿಂದ ಒಂದು ಹಳೇ ಇಂಗ್ಲಿಷ್ ಪುಸ್ತಕ ತಂದೆ. ಅಜ್ಜಂದಿರ ಕಾಲದ್ದು, ತಲೆಬುಡವಿಲ್ಲದ ಮಕ್ಕಳ ಕಥೆ. ಚಿಕ್ಕಂದಿನಲ್ಲಿ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ನಕ್ಕಿದ್ದೆ. ಅದನ್ನೇ ಕನ್ನಡದಲ್ಲಿ ಹೇಳತೊಡಗಿದೆ. ಅಲ್ಲಿ ನದಿಗೆ ನೆಗಡಿಯಾಗಿ ಮೀನುಗಳೆಲ್ಲ ಸ್ವೆಟರ್ ಹಾಕಿಕೊಳ್ಳುತ್ತವೆ. ರಾಜ ಕೂರುವ ಮುಂಚೆ ಕುರ್ಚಿಯ ಅಪ್ಪಣೆ ಕೇಳಬೇಕು.

ರಾಜನ ಸವಾರಿ ಬರುವ ಹೊತ್ತಿಗೆ ನನಗೇನೋ ಹೊಳೆಯಿತು. ಪುಸ್ತಕದಲ್ಲಿಲ್ಲದ್ದನ್ನು ಸೇರಿಸಿದೆ. "ಆ ದೇಶದಲ್ಲಿ ಮನುಷ್ಯರಿಗೆ 'ಅದು' ಅಂತಾರೆ, ಮೇಕೆಗೆ 'ಅವರು' ಅಂತಾರೆ. ಎಲ್ಲಿ, ಹೇಳಿ ನೋಡೋಣ: ರಾಜ ಬಂತು, ಮೇಕೆ ಬಂದರು!"

ಬೆಂಚು ಗುದ್ದಿ ನಕ್ಕರು. ಆದರೆ ಹೇಳಹೊರಟವರ ನಾಲಿಗೆ ಸರಿದಾರಿಗೇ ಜಾರುತ್ತಿತ್ತು. "ರಾಜ ಬಂದ... ಅಯ್ಯೋ, ಹೋಯ್ತು!"

ಆಗ ಹಿಂದಿನ ಬೆಂಚಿನಿಂದ ಸಣ್ಣ ದನಿ ಕೇಳಿತು. "ರಾಜ ಬಂತು. ಮಂತ್ರಿ ಓಡ್ಹೋಯ್ತು. ಕೋಳಿಯವರು ಊಟಕ್ಕೆ ಕೂತ್ಕೊಂಡ್ರು."

ಬೀಗ ಹಾಕಿಕೊಂಡವಳ ದನಿ! ಒಂದು ತಡವರಿಕೆಯಿಲ್ಲ. ಇಡೀ ಕ್ಲಾಸು ತಿರುಗಿ ನೋಡಿತು. ಬಾಲದ ಮಾತಾಡಿದ್ದವಳೇ ಬೇಡಿಕೊಂಡಳು. "ಏ, ಇನ್ನೊಂದ್ಸಲ ಹೇಳೇ!"

ಸ್ಕೂಲ್ ಡೇಗೆ ಅದನ್ನೇ ನಾಟಕ ಮಾಡೋಣ ಅಂತ ಮಕ್ಕಳು ಹಟ ಹಿಡಿದರು. ರಾಜನ ಪಾರ್ಟು ಅವಳಿಗೇ ಎಂದೂ ಅವರೇ ತೀರ್ಮಾನಿಸಿದರು. ಹೆಡ್‌ಮಿಸ್ ಮುಖ ಗಂಟಿಕ್ಕಿದರು.

"ಇದ್ರಲ್ಲಿ ನೀತಿ ಏನಿದೆ ರೀ?"

"ಏನೂ ಇಲ್ಲ ಮೇಡಂ. ಅದಕ್ಕೇ ಮಕ್ಕಳಿಗಿಷ್ಟ."

ಒಲ್ಲದ ಮನಸ್ಸಿನಿಂದ ನಮ್ಮನ್ನು ಕಾರ್ಯಕ್ರಮದ ಕೊನೆಗೆ ಹಾಕಿದರು.

ಸ್ಕೂಲ್ ಡೇ ದಿನ ಪೆಂಡಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಬುರ್ಖಾ ತೊಟ್ಟ ಅವಳಮ್ಮ, ಪಕ್ಕದಲ್ಲಿ ಅಂಗಡಿ ಮುಚ್ಚಿ ಬಂದ ಅಪ್ಪ. ರಟ್ಟಿನ ಕಿರೀಟ ಹೊತ್ತು ಸ್ಟೇಜಿಗೆ ಬಂದ ಹುಡುಗಿ ಜನರನ್ನು ಕಂಡು ಕಲ್ಲಾಗಿ ನಿಂತಳು. ಪರದೆಯ ಸಂದಿಯಿಂದ ನಾನು ಮಾತು ಎತ್ತಿಕೊಟ್ಟೆ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಬೀಗ ಬಿತ್ತು ಅಂದುಕೊಂಡೆ.

ಅಷ್ಟರಲ್ಲಿ ಬೆಡ್‌ಶೀಟ್ ಹೊದ್ದು ಕುರ್ಚಿಯಾಗಿ ಬಗ್ಗಿದ್ದ ಹುಡುಗಿ ತಡೆಯಲಾರದೆ ಹೇಳಿಬಿಟ್ಟಳು. "ಇವತ್ತು ಕುರ್ಚಿಗೆ ರಜಾ!"

ನಾವು ಕಲಿಸಿದ ಮಾತಲ್ಲ ಅದು. ರಾಜ ಕಣ್ಣರಳಿಸಿ ನೋಡಿ, ಸೊಂಟಕ್ಕೆ ಕೈಯಿಟ್ಟು ಗುಡುಗಿತು. "ಹಾಗಾದ್ರೆ ಚಾಪೆಯವರನ್ನ ಕರೀರಿ! ರಾಜಕ್ಕೆ ಕಾಲು ನೋಯ್ತದೆ!"

ಪೆಂಡಾಲಿನಲ್ಲಿ ನಗು ಸಿಡಿಯಿತು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಮೇಕೆಯವರಿಗೆ ಕಾಫಿ ಕೊಡಿಸಿದಳು, ಸೇನಾಪತಿಯನ್ನು ಗೂಟಕ್ಕೆ ಕಟ್ಟಿಸಿದಳು. ಬರೆದುಕೊಟ್ಟ ಮಾತೆಲ್ಲ ಗಾಳಿಗೆ ಹೋಯಿತು, ನಾಟಕ ಹತ್ತುಪಟ್ಟು ಚೆನ್ನಾಯಿತು. ಹೆಡ್‌ಮಿಸ್ ಕನ್ನಡಕ ತೆಗೆದು ಕಂಬಕ್ಕೊರಗಿ ನಗುತ್ತಿದ್ದರು. "ಒನ್ಸ್ ಮೋರ್!" ಅಂತ ಜನ ಕೂಗಿದರು. ಎರಡನೇ ಸಲವೂ ಆಡಿದೆವು. ಆಗ ಕುರ್ಚಿಯಾದವಳು ಬೇರೆ, ಮಾತೂ ಬೇರೆ.

ಮುಗಿದ ಮೇಲೆ ಅವಳಮ್ಮ ಬಂದು ನನ್ನೆರಡೂ ಕೈ ಹಿಡಿದು ದಖನಿಯಲ್ಲಿ ಏನೇನೋ ಹೇಳಿದರು. ಮಗಳು ಬೀಗುತ್ತ ಕನ್ನಡಕ್ಕೆ ತಿರುಗಿಸಿದಳು. "ಅಮ್ಮಂಗೆ ನಕ್ಕೂ ನಕ್ಕೂ ಹೊಟ್ಟೆ ನೋವಂತೆ. ಇಷ್ಟು ಜೋರಾಗಿ ನಾನು ಮಾತಾಡ್ತೀನಿ ಅಂತ ಗೊತ್ತೇ ಇರ್ಲಿಲ್ವಂತೆ."

ವ್ಯಾಕರಣ ಉಲ್ಟಾ ಮಾಡಲು ನೆಟ್ಟಗಿನದೂ ಗೊತ್ತಿರಬೇಕಲ್ಲ! ಆಡುತ್ತಾಡುತ್ತಲೇ ಅವಳಿಗೆ ಎರಡೂ ಬಂದಿದ್ದವು.

ಮುಂದಿನ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಅದೇ ಕಥೆ ತೆಗೆದೆ. ಎರಡು ಪುಟ ದಾಟಿರಲಿಲ್ಲ, ಐದನೇ ಕ್ಲಾಸಿನಿಂದ ಅವಳು ಬಾಗಿಲಲ್ಲಿ ಬಂದು ನಿಂತಳು.

"ಟೀಚರ್, ಇವ್ರಿಗೆ ನಾನು ಹೇಳ್ಲಾ?"

ನಾನು ಕುರ್ಚಿ ಬಿಟ್ಟುಕೊಟ್ಟು ಮಕ್ಕಳ ನಡುವೆ ಹೋಗಿ ಕೂತೆ.