ತಿಂಡಿಯ ಹೊತ್ತಿಗೆ ತೋರಿಸಿದ ಕಾಲು

ಸಕ್ಕರೆ ಕಾಯಿಲೆಯವರನ್ನೆಲ್ಲ ಒಂದೇ ಪರದೆಯಲ್ಲಿ ಕೂಡಿಹಾಕಿದರೆ ಎಷ್ಟು ಪೆದ್ದರು ಒಟ್ಟಿಗೆ ಸಿಗುತ್ತಾರೆ ಎಂಬುದನ್ನು ನಾನು ಪ್ರತಿ ಶನಿವಾರ ಬೆಳಿಗ್ಗೆ ನೋಡುತ್ತಿದ್ದೆ. ಬಲ್ಮಠದ ಕ್ಲಿನಿಕ್ಕೊಂದು ಶುರುಮಾಡಿದ ವಿಡಿಯೊ ಭೇಟಿ ಅದು. ಒಬ್ಬೊಬ್ಬರನ್ನೇ ನೋಡಲು ಡಾಕ್ಟರಿಗೆ ಪುರುಸೊತ್ತಿಲ್ಲ. ಹಾಗಾಗಿ ನರ್ಸ್ ನಮ್ಮನ್ನೆಲ್ಲ ಫೋನಿನಲ್ಲಿ ಸೇರಿಸಿ ಮೊದಲು ಊಟದ ವಿಚಾರ ಕೇಳಿ, ಆಮೇಲೆ ಪಾದ ನೋಡಿ, ಸಂಶಯ ಬಂದವರನ್ನು ಮಾತ್ರ ಡಾಕ್ಟರ ಬಳಿಗೆ ಕರೆಸುತ್ತಿದ್ದರು.

ಒಬ್ಬರ ಹಣೆ ಮಾತ್ರ ಕಾಣುತ್ತಿತ್ತು. ಅವರ ಬಾಯಿ ಹೇಗಿದೆಯೆಂದು ನನಗೆ ಇವತ್ತಿಗೂ ತಿಳಿಯದು. ಕೊಟ್ಟಾರದ ಒಬ್ಬ ಅಮ್ಮನದು ಪ್ರತಿ ಸಲವೂ ಒಂದೇ ರಾಗ: "ನಾನು ರಾತ್ರಿ ಅನ್ನ ಮುಟ್ಟುವುದೇ ಇಲ್ಲ ಸಿಸ್ಟರ್. ಬರೀ ಗಂಜಿ. ಕುಚ್ಚಲಕ್ಕಿಯಲ್ಲಿ ಎಂತ ಶುಗರ್ ಉಂಟು?"

"ಗಂಜಿ ಅಂದ್ರೆ ಅನ್ನವೇ ಅಲ್ವಾ ಅಮ್ಮ?"

"ಅದು ಹೇಗೆ? ಅದರಲ್ಲಿ ನೀರು ಉಂಟಲ್ಲ!"

ನಾನು ಪಂಪ್‌ವೆಲ್‌ನಲ್ಲಿ ಬಸ್ ಬುಕಿಂಗ್ ಕೌಂಟರಿನ ಹಿಂದೆ ಆಯಸ್ಸು ಕಳೆದವನು. ಕಲಿತದ್ದು ಹೈಸ್ಕೂಲಾದರೂ ಜನರ ದಡ್ಡತನಕ್ಕೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಈ ಗುಂಪು ನನ್ನ ಮಾತಿಗೆ ನಗುತ್ತಿತ್ತು. ನಾನು ತಪ್ಪದೆ ಕೂರುತ್ತಿದ್ದದ್ದು ಆ ನಗುವಿಗಾಗಿ, ಕಾಯಿಲೆಗಾಗಿ ಅಲ್ಲ.

ಬಟ್ಟೆ ಅಂಗಡಿಯ ಬ್ಯಾರಿ ಸಾಹೇಬರೊಬ್ಬರಿದ್ದರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಪಾದ ತೋರಿಸಿ ಎಂದರೆ ನಾವೆಲ್ಲ ಫೋನನ್ನು ಒಮ್ಮೆ ಕೆಳಗೆ ತಿರುಗಿಸಿ ಮೇಲೆತ್ತಿಬಿಡುತ್ತಿದ್ದೆವು. ಇವರು ಮಾತ್ರ ಅಂಗಡಿಯ ಸ್ಟೂಲಿನ ಮೇಲೆ ಕಾಲಿಟ್ಟು, ಬೆರಳುಗಳನ್ನು ಬಿಡಿಸಿ, ಗಿರಾಕಿಗೆ ಸೀರೆಯ ಅಂಚು ತೋರಿಸುವ ಹಾಗೆ ತೋರಿಸುತ್ತಿದ್ದರು. ನನಗೆ ಅಸಹ್ಯ. ಒಂದು ಶನಿವಾರ ಅವರ ಹೆಬ್ಬೆರಳಿನ ಅಡಿಯಲ್ಲಿ ಕಪ್ಪಗೆ ಏನೋ ಕಂಡಿತು. ಹೊಸ ಚಪ್ಪಲಿ ಕಚ್ಚಿದ್ದಂತೆ, ನೋವೇ ಇಲ್ಲವಂತೆ. "ಸ್ವಲ್ಪ ಹತ್ತಿರ ತನ್ನಿ" ಎಂದು ನರ್ಸ್ ಹೇಳುವಷ್ಟರಲ್ಲಿ ನಾನು ಬಾಯಿ ಹಾಕಿದೆ: "ಕಾಲು ತೆಗೀರಿ ಸಾಹೇಬ್ರೆ. ನಮ್ಮದು ಇನ್ನೂ ತಿಂಡಿ ಆಗ್ಲಿಲ್ಲ ಮಾರಾಯ್ರೆ!"

ಎಲ್ಲರೂ ನಕ್ಕರು. ಹಣೆಯೂ ಕುಲುಕಿತು. ಸಾಹೇಬರು ಕಾಲು ಇಳಿಸಿದರು. ಕ್ಲಿನಿಕ್ಕಿಗೆ ಬನ್ನಿ ಎಂದು ನರ್ಸ್ ಕರೆದರೆ, "ಸಣ್ಣದು ಸಿಸ್ಟರ್, ಮುಲಾಮು ಉಂಟು" ಅಂದರು.

ಮುಂದಿನ ವಾರ ಪರದೆಯಲ್ಲಿ ಅವರ ಚೌಕ ಕಪ್ಪಾಗಿತ್ತು. "ನೆಟ್‌ವರ್ಕ್ ಇಲ್ಲ ಸಿಸ್ಟರ್, ವಿಡಿಯೊ ಬರುದಿಲ್ಲ. ಗಾಯ ಒಣಗಿದೆ." ಧ್ವನಿ ಮಾತ್ರ ಸ್ಪಷ್ಟ, ಹಿಂದಿನಿಂದ ಬಟ್ಟೆ ಹರಿಯುವ ಸದ್ದು ಕೂಡ ಕೇಳುತ್ತಿತ್ತು. ಸುಳ್ಳೆಂದು ನನಗೆ ಗೊತ್ತಾಯಿತು, ಯಾಕೆ ಹೇಳುತ್ತಿದ್ದಾರೆ ಎಂಬುದೂ. ನಾನೊಂದು ಮಾತು ಆಡಿದ್ದರೆ ನರ್ಸ್ ಬಿಡುತ್ತಿರಲಿಲ್ಲ. ಪೀಡೆ ತೊಲಗಿತು ಎಂದುಕೊಂಡು ಸುಮ್ಮನಿದ್ದೆ.

ಕೆಲವು ವಾರ ಕಳೆದ ಮೇಲೆ, ಸಾಹೇಬರ ಬೆರಳು ಕೊಳೆತು ತೆಗೆಯಬೇಕಾಯಿತೆಂದು ನರ್ಸ್ ಹೇಳಿದರು. ಗಂಜಿಯ ಅಮ್ಮ "ಅಯ್ಯೋ ದೇವರೇ" ಎಂದು, ಮರುಕ್ಷಣವೇ ಗಂಜಿಗೆ ಉಪ್ಪಿನಕಾಯಿ ಆಗಬಹುದಾ ಎಂದು ಕೇಳಿದರು. ನನ್ನ ಮಾತು ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಅಷ್ಟು ಜನ ಪೆದ್ದರ ನಡುವೆ ನೀಚ ನಾನೊಬ್ಬನೇ.

ಹೋದ ತಿಂಗಳು ಸಾಹೇಬರು ಮತ್ತೆ ಬಂದರು, ಈ ಸಲ ಮುಖ ಸಮೇತ. ನರ್ಸ್ ಪಾದ ಕೇಳಿದಾಗ ಅವರು ಫೋನು ತಿರುಗಿಸದೆ ನನ್ನನ್ನು ಕೇಳಿದರು: "ಅಣ್ಣ, ನಿಮ್ಮದು ತಿಂಡಿ ಆಯ್ತಾ?"

ಚುಚ್ಚಲು ಕೇಳಿದ್ದಲ್ಲ. ಆಗಿಲ್ಲವೆಂದಿದ್ದರೆ ಕಾಯುತ್ತಿದ್ದರು, ಅಂಥ ಮನುಷ್ಯ. ನನ್ನ ಮುಂದೆ ಇನ್ನೂ ಮುಟ್ಟದ ಇಡ್ಲಿಯ ತಟ್ಟೆ ಇತ್ತು.

"ಆಯ್ತು ಸಾಹೇಬ್ರೆ, ತೋರಿಸಿ," ಅಂದೆ.

ತೋರಿಸಿದರು. ಬೆರಳಿದ್ದ ಜಾಗದಲ್ಲಿ ಹೊಲಿಗೆಯ ಗುರುತು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರನ್ನು ಹೀಯಾಳಿಸುವಾಗ ನನಗೆ ಬೇಕಾಗಿದ್ದ ಆ ಮುಖಗಳೆಲ್ಲ ಈಗ ಅಡ್ಡ ಬಂದವು. ಹಣೆ ಆಕಳಿಸುತ್ತಿತ್ತು.

"ಈಗ ನಿಮ್ಮದು," ಎಂದು ನರ್ಸ್ ನನಗೆ ಹೇಳಿದರು.

ನಾನು ಕಾಲೆತ್ತಿ ಮೇಜಿನ ಮೇಲೆ, ಇಡ್ಲಿಯ ತಟ್ಟೆಯ ಪಕ್ಕದಲ್ಲೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.