ಆಯಿಯ ಕೈ ಸುಡಲಿಲ್ಲ

ಹಳೆಯ ಕಾಗದಕ್ಕೆ ನಶ್ಯದ ಘಾಟು ಅಂಟಿದ್ದರೆ ಈಗಲೂ ನನ್ನ ಬೆನ್ನು ತಣ್ಣಗಾಗುತ್ತದೆ. ಅದು ನಿಪ್ಪಾಣಿಯ ರದ್ದಿ ಅಂಗಡಿಯ ವಾಸನೆ. ಎಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ, ಪಂಪಿನ ಬಿಡಿಭಾಗ ಮಾರಲು ಚಿಕ್ಕೋಡಿ, ರಾಯಬಾಗ, ಕಾಗವಾಡ ಎಂದು ಬಸ್ಸಿನಲ್ಲಿ ಅಲೆಯುತ್ತಿದ್ದ ಕಾಕಾ ನನ್ನನ್ನೂ ಕರೆದೊಯ್ಯುತ್ತಿದ್ದ. ಕೆಲಸ ಮುಗಿದೊಡನೆ ಇಬ್ಬರೂ ರದ್ದಿಯ ರಾಶಿ ಕೆದಕುತ್ತಿದ್ದೆವು. ರಾಕೆಟ್ಟು, ಬೇರೆ ಗ್ರಹ, ಯಂತ್ರಮಾನವರ ಕಥೆ ಎಂದರೆ ಅವನಿಗೆ ಪ್ರಾಣ. ಸಿಗುತ್ತಿದ್ದುದು ಹೆಚ್ಚಾಗಿ ಮರಾಠಿ ಪುಸ್ತಕ. ನನಗೆ ಮರಾಠಿ ಬಾರದು. ಬಸ್ಸಿನ ಕುಲುಕಾಟದಲ್ಲೇ ಕಾಕಾ ಕನ್ನಡ ಮಾಡಿ ಓದುತ್ತಿದ್ದ.

ಒಮ್ಮೆ ನಿಪ್ಪಾಣಿಯಲ್ಲಿ ರಟ್ಟಿಲ್ಲದ ಪುಸ್ತಕವೊಂದು ಸಿಕ್ಕಿತು. "ಕಡೀ ಹಾಳಿ ಎಲ್ಲಿ ಹೋದೂವ್ರಿ?" ಎಂದು ಕಾಕಾ ಕೇಳಿದ. "ತಪಕೀರ ಕಟ್ಟಾಕ ಹರದೇನ್ರಿ," ಎಂದ ಅಂಗಡಿಯ ಮುದುಕ, ನಶ್ಯದ ಪೊಟ್ಟಣ ತೋರಿಸುತ್ತ. "ಕಡೀಕ ಏನಿರತೈತ್ರಿ? ಸಾಯ್ತಾರ, ಇಲ್ಲಾ ಲಗ್ನ ಆಕ್ಕಾರ." ಕಥೆಯಲ್ಲಿ ಬೇರೆ ಗ್ರಹದ ಜೀವಿಯೊಂದು ಒಂದು ಮನೆಯ ಆಯಿಯ ರೂಪ ತೊಟ್ಟು ಒಳಸೇರುತ್ತದೆ, ನಿಜವಾದ ಆಯಿ ಎಲ್ಲೋ ಸೆರೆಯಲ್ಲಿರುತ್ತಾಳೆ. ಗುರುತು ಒಂದೇ: ಆ ಜೀವಿಗೆ ಬೆಂಕಿ ಸುಡದು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಮನೆಯಲ್ಲಿ ತಾಯಿ ಅವ್ವ, ಆಯಿ ಎಂದರೆ ಅಜ್ಜಿ. ಎಲ್ಲವನ್ನೂ ಕನ್ನಡ ಮಾಡಿದ ಕಾಕಾ, ಮನೆಮಾತೇ ಆಗಿದ್ದ ಆ ಒಂದು ಪದವನ್ನು ಹಾಗೇ ಬಿಟ್ಟಿದ್ದ. ನಾನು ಅಜ್ಜಿ ಎಂದೇ ತಿಳಿದೆ.

ನಮ್ಮೂರು ಐಗಳಿಗೆ ಮರಳಿದ ಸಂಜೆ, ಆಯಿ ಕಾದ ಹೆಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿದಳು. ದಿನವೂ ನೋಡಿದ್ದೇ. ಅಂದು ಮಾತ್ರ ನಾನು ಒಲೆಯಿಂದ ಹಿಂದೆ ಸರಿದೆ. "ಆಯಿ, ನಿನಗ ಸುಡೂದಿಲ್ಲೇನ?" "ನನ್ನ ಕೈ ಸತ್ತು ಎಷ್ಟೋ ವರ್ಷ ಆತೋ ತಮ್ಮಾ," ಎಂದು ಅವಳು ನಕ್ಕಳು. ಅವಳ ಪಕ್ಕ ಮಲಗುವುದನ್ನು ಬಿಟ್ಟೆ. ನಿಜವಾದ ಆಯಿ ಮರಳಿ ಬಂದಳೇ ಎಂದು ತಿಳಿಯಲು ಹರಿದುಹೋದ ಆ ಕೊನೆಯ ಹಾಳೆಗಳು ಬೇಕಿದ್ದವು. ಅಥಣಿಯಲ್ಲಿ, ಉಗಾರದಲ್ಲಿ, ಶೇಂಗಾ ಸುತ್ತಿದ ಕಾಗದವನ್ನೂ ಬಿಚ್ಚಿ, ಹಿಂದಿ ಪಾಠದಲ್ಲಿ ಕಲಿತ ಅಕ್ಷರಗಳಿಂದ ಆ ಒಂದು ಪದವನ್ನು ಹುಡುಕುತ್ತಿದ್ದೆ.

ಆ ಪದದ ಮರಾಠಿ ಅರ್ಥ ನನಗೆ ತಿಳಿದದ್ದು ತೊಂಬತ್ತರ ದಶಕದಲ್ಲಿ, ಧಾರವಾಡದಲ್ಲಿ ಓದುವಾಗ. ಮರಾಠಿ ಮನೆಮಾತಿನ ಕೋಣೆಯ ಗೆಳೆಯ ತನ್ನ ತಾಯಿಯನ್ನು ಆಯಿ ಎಂದು ಕೂಗಿದಾಗ. ನಗುತ್ತ ಹೇಳೋಣವೆಂದು ರಜೆಗೆ ಊರಿಗೆ ಹೋದರೆ, ಅಷ್ಟರಲ್ಲಿ ಆಯಿಗೆ ಮರೆವು ಕವಿದಿತ್ತು. ಒಲೆಯ ಮುಂದಿನಿಂದ ನನ್ನನ್ನೇ ದಿಟ್ಟಿಸಿದಳು. "ಯಾರಪಾ ನೀ? ನಮ್ಮ ಹುಡುಗನ ಅಂಗಿ ಯಾಕ ಹಾಕ್ಕೊಂಡಿ?" ಅವಳ ಕಣ್ಣಲ್ಲಿದ್ದುದು ನನ್ನದೇ ಹಳೆಯ ಹೆದರಿಕೆ. "ನಾನ, ಆಯಿ," ಎಂದರೂ ಗೋಡೆಗೆ ಸರಿದಳು. ಏನು ತೋಚಿತೋ, ಕಾದ ಹೆಂಚಿಗೆ ಬೆರಳಿಟ್ಟೆ. ಚೀರಿದೆ. "ಹುಚ್ಚ ಖೋಡಿ!" ಎಂದು ಬಯ್ಯುತ್ತ ನನ್ನ ಕೈ ಸೆಳೆದು ನೀರಿಗೆ ಅದ್ದಿದಳು, ಊದಿದಳು. "ಸಣ್ಣಾಂವಿದ್ದಾಗಿಂದ ನೀ ಬಿಸಿ ತಾಳಾಂವಲ್ಲ, ತಮ್ಮಾ."

ಆಯಿ ಹೋಗಿ ವರ್ಷಗಳಾದವು. ಆ ಪುಸ್ತಕದಲ್ಲಿ ಬೆಂಕಿಯ ಮಾತೇ ಇರಲಿಲ್ಲ ಎನ್ನುತ್ತಾನೆ ಕಾಕಾ. ಇರಬಹುದು, ನೆನಪನ್ನು ಸಾಕ್ಷಿ ಎಂದು ಒಪ್ಪುವವನಲ್ಲ ನಾನು. ಬೆರಳಿನ ಕಲೆಯೂ ಮಾಸಿದೆ. ಆದರೂ ಆ ಕಡೆ ಹೋದಾಗ ರದ್ದಿಯ ರಾಶಿಯ ಮುಂದೆ ನಿಲ್ಲುತ್ತೇನೆ, ಆ ಹಾಳೆಗಳು ಸಿಕ್ಕಾವೆಂಬ ಅಂಜಿಕೆಯಲ್ಲೇ. ಪುಸ್ತಕದ ಆಯಿ ಮರಳಿದಳೋ ಇಲ್ಲವೋ. ನಮ್ಮವಳು ಒಮ್ಮೆ, ನನ್ನ ಬೆರಳು ತಣ್ಣಗಾಗುವವರೆಗೆ, ಬಂದಿದ್ದಳು.