ಮೂರು ಕೀ, ಒಂದೇ ಏಟು

ಕಾಲೇಜಿನ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದವಳನ್ನು ಎಲ್ಲರೂ ಟೈಪಮ್ಮ ಎಂದೇ ಕರೆಯುತ್ತಿದ್ದರು. ಅವಳ ಮೇಜು ಇದ್ದದ್ದು ನೆಲಮಹಡಿಯ ಮೂಲೆಯಲ್ಲಿ, ಸರಿಯಾಗಿ ಸಂಗೀತದ ಕೋಣೆಯ ಕೆಳಗೆ. ಬೆಳಿಗ್ಗೆ ಒಂಬತ್ತೂವರೆಗೆ ಮೇಲೆ ಸಂಗೀತದ ಮೇಷ್ಟ್ರು ಪಿಯಾನೋದ ಮುಚ್ಚಳ ತೆಗೆದು ಒಂದು ಸದ್ದು ಮಾಡುತ್ತಿದ್ದರು. ಅದು ಛಾವಣಿಯಿಂದ ಇಳಿದು, ಫೈಲುಗಳ ಬೀರುವಿನ ಗಾಜನ್ನು ಸಣ್ಣಗೆ ನಡುಗಿಸಿ ಅವಳನ್ನು ಮುಟ್ಟುತ್ತಿತ್ತು. ಅದು ಮೂರು ಸ್ವರಗಳು ಸೇರಿ ಆಗಿದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಸದ್ದು ಒಂದೇ, ಆದರೆ ಅಗಲವಾದದ್ದು ಎಂದುಕೊಂಡಿದ್ದಳು.

ಮೇಷ್ಟ್ರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಟೈಪ್‌ರೈಟರಿನ ಗದ್ದಲದಿಂದ ಪಾಠ ಕೆಡುತ್ತಿದೆ ಎಂದು ವರ್ಷಕ್ಕೊಂದಾದರೂ ದೂರು ಬರೆಯುತ್ತಿದ್ದರು. ಆ ದೂರನ್ನು ಟೈಪ್ ಮಾಡಬೇಕಾದವಳು ಅವಳೇ. ಕಾಗುಣಿತ ತಿದ್ದಿ, ಅಂದವಾಗಿ ಅಂಚು ಬಿಟ್ಟು ಹೊಡೆದು, ಸಹಿಗೆ ಮೇಲೆ ಕಳಿಸುತ್ತಿದ್ದಳು. ತಾನಾಗಿ ಒಯ್ದು ಕೊಡುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೇಳಗಾನದಲ್ಲಿ ಸಿಬ್ಬಂದಿಯೂ ಹಾಡಬಹುದು ಎಂಬ ನೋಟೀಸು ಅವಳ ಕೈಯಿಂದಲೇ ಟೈಪಾಗಿತ್ತು. ಅದನ್ನು ಬೋರ್ಡಿಗೆ ಅಂಟಿಸುವ ಮೊದಲೇ ಹದಿನೇಳು ಮೆಟ್ಟಿಲು ಹತ್ತಿ ಮೇಷ್ಟ್ರ ಮುಂದೆ ನಿಂತಿದ್ದಳು. ಅವರು ಅವಳು ಹಾಡಿದ ನಾಲ್ಕು ಸಾಲು ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡು, "ನಿಮ್ಮ ಟೈಪಿಂಗ್ ತುಂಬಾ ಚೆನ್ನಾಗಿದೆಯಂತಲ್ಲ" ಎಂದರು. ಅವಳು "ಹೌದು ಸಾರ್" ಎಂದು ಇಳಿದು ಬಂದಳು. ಆಮೇಲೆ ಆ ಮೆಟ್ಟಿಲನ್ನು ತುಳಿಯಲಿಲ್ಲ.

ಅವಳು ನಿವೃತ್ತಿಯಾಗಿ ನಾಲ್ಕು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರೇ ಅವಳ ಮನೆ ಬಾಗಿಲಿಗೆ ಬಂದರು. ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದರು. ಬಲಗೈ ಪಟ್ಟಿಯಲ್ಲಿ ಜೋತಾಡುತ್ತಿತ್ತು. ಸಂಗೀತದ ಕೋಣೆಯನ್ನು ಮುಚ್ಚುತ್ತಾರಂತೆ, ಪಿಯಾನೋ ಬೇರೆ ಕಟ್ಟಡಕ್ಕೆ ಹೋಗುತ್ತದಂತೆ. ಕೊನೆಯ ದಿನ ಹಳೆಯ ವಿದ್ಯಾರ್ಥಿನಿಯರು ಬಂದು ಹಾಡುತ್ತಾರೆ ಎಂದರು.

"ಬರೋದು ಒಂಬತ್ತೇ ಜನ ಟೈಪಮ್ಮ. ಒಂದೊಂದು ಸ್ವರಕ್ಕೆ ಮೂರು ಜನ. ಒಬ್ಬಳನ್ನ ಪಿಯಾನೋಗೆ ಕೂರಿಸಿದ್ರೆ ಒಂದು ಸ್ವರ ಕುಂಟುತ್ತೆ. ಇರೋ ಒಂದು ಕೈ ನನಗೆ ಮೇಳ ನಡೆಸೋಕೆ ಬೇಕು. ಒಂದೊಂದು ಚರಣ ಶುರುವಾಗೋ ಮುಂಚೆ ಒಂದು ಕಾರ್ಡ್, ಅಂದ್ರೆ ಮೂರು ಸ್ವರ ಒಟ್ಟಿಗೆ, ಕೊಟ್ರೆ ಸಾಕು. ಮೂರು ಚರಣ, ಮೂರು ಸಲ."

"ನಾನು ಪಿಯಾನೋ ಮುಟ್ಟಿದವಳೇ ಅಲ್ಲ ಸಾರ್."

"ಬೆರಳು ಪಳಗಿದೆಯಲ್ಲ! ನನ್ನ ತಲೆ ಮೇಲೆ... ಅಲ್ಲ, ನನ್ನ ಕಾಲ ಕೆಳಗೆ ಮೂವತ್ತನಾಲ್ಕು ವರ್ಷ ಕುಟ್ಟಿದೀರಿ."

ಒಳಗಿನಿಂದ ಅವಳ ತಂಗಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಬೇಡ ಎನ್ನಲು ಬಾಯಿ ತೆರೆದ ಟೈಪಮ್ಮ "ಯಾವತ್ತಿಂದ ಬರಲಿ?" ಎಂದು ಕೇಳಿಬಿಟ್ಟಳು. ಆ ಸದ್ದಿನ ಕೆಳಗೇ ಅವಳ ಆಯುಷ್ಯದ ಅರ್ಧ ಕಳೆದಿತ್ತು. ಕೋಣೆ ಮುಚ್ಚುವ ಮೊದಲು ಒಂದೇ ಒಂದು ಸಲ ಅದು ಹುಟ್ಟುವ ಕಡೆ ತಾನಿರಬೇಕು ಎಂಬ ಆಸೆ, ಇಷ್ಟು ದಿನ ಎಲ್ಲಿತ್ತೋ, ಈಗ ಎದ್ದು ಕುಳಿತಿತ್ತು.

ಕಲಿಯುವುದು ಹೆಚ್ಚಿಗೆ ಏನೂ ಇರಲಿಲ್ಲ. ಎರಡು ಕಪ್ಪು ಕೀಗಳ ಜೋಡಿಯ ಎಡಕ್ಕೆ ಇರುವ ಬಿಳಿಯದು ಸಿ. ಅಲ್ಲಿಂದ ಕರಿದು ಬಿಳಿದು ಎನ್ನದೆ ನಾಲ್ಕು ಹೆಜ್ಜೆ ಎಣಿಸಿದರೆ ಇ, ಮತ್ತೆ ಮೂರು ಹೆಜ್ಜೆಗೆ ಜಿ. ಹೆಬ್ಬೆರಳು, ನಡುಬೆರಳು, ಕಿರುಬೆರಳು. ಮೂರನ್ನೂ ಒಟ್ಟಿಗೆ ಒತ್ತಿದರೆ ಸಿ ಮೇಜರ್ ಕಾರ್ಡ್. ಬೇರೆ ಯಾವ ಕೀಯಿಂದ ಹೊರಟರೂ ನಾಲ್ಕು, ಮೂರು ಎಂಬ ಲೆಕ್ಕ ತಪ್ಪದಿದ್ದರೆ ಅದೂ ಮೇಜರ್ ಕಾರ್ಡೇ. ಟೈಪಮ್ಮ ಇದನ್ನು ಐದು ನಿಮಿಷದಲ್ಲಿ ತಿಳಿದುಕೊಂಡಳು.

ಕೈಗೆ ಮಾತ್ರ ತಿಳಿಯಲಿಲ್ಲ. ಮೂರೂ ಬೆರಳು ಇಳಿಯುತ್ತಿದ್ದವು, ಒಂದರ ಹಿಂದೆ ಒಂದು. ಎಷ್ಟು ಬೇಗ ಇಳಿದರೂ ನಡುವೆ ಕೂದಲೆಳೆಯಷ್ಟು ಅಂತರ ಉಳಿಯುತ್ತಿತ್ತು. ಮೊದಲನೆಯದು ಎದ್ದ ಮೇಲೆಯೇ ಎರಡನೆಯದು ಇಳಿಯುತ್ತಿತ್ತು.

"ಇದು ಕಾರ್ಡ್ ಅಲ್ಲಮ್ಮ, ಯಾರೋ ಮೆಟ್ಟಿಲು ಇಳಿದ ಹಾಗಿದೆ" ಎಂದರು ಮೇಷ್ಟ್ರು.

ಮನೆಯಲ್ಲಿ ಅವಳು ಊಟದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಅಳತೆ ತಪ್ಪದಂತೆ ಎಂಟು ಕೀ ಬರೆದುಕೊಂಡಳು. ದಿನಕ್ಕೆ ಇನ್ನೂರು ಸಲ ಕುಟ್ಟಿದಳು. ತಟತಟತಟ.

"ಅಕ್ಕಾ, ಆ ಮೇಜು ನಿನಗೇನು ದ್ರೋಹ ಮಾಡ್ತು?" ಎಂದಳು ತಂಗಿ.

"ಸುಮ್ನಿರೇ. ಮೂರೂ ಒಟ್ಟಿಗೆ ಬೀಳ್ತಾ ಇದೆಯಾ ಹೇಳು."

ತಂಗಿ ಕಣ್ಣು ಮುಚ್ಚಿ ಕೇಳಿದಳು. "ಇಲ್ಲ. ಚೀಟಿ ಪರಪರ ಹರಿದ ಹಾಗೆ ಕೇಳುತ್ತೆ."

ಕಾರ್ಯಕ್ರಮಕ್ಕೆ ಮೂರು ದಿನ ಉಳಿದಾಗ ಮೇಷ್ಟ್ರು ತಾಳ್ಮೆಗೆಟ್ಟರು. "ನಾಲ್ಕು ವರ್ಷದ ಮಗೂ ಅಂಗೈ ಊರಿ ಒಂದೇ ಸಲಕ್ಕೆ ಐದು ಕೀ ಒತ್ತುತ್ತೆ. ನಿಮಗೇನು ತೊಂದರೆ?"

ಟೈಪಮ್ಮ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. "ಸಾರ್, ಟೈಪ್‌ರೈಟರಲ್ಲಿ ಎರಡು ಕೀ ಒಟ್ಟಿಗೆ ಒತ್ತಿದ್ರೆ ಅಕ್ಷರದ ಕಡ್ಡಿಗಳು ರಿಬ್ಬನ್ ಹತ್ರ ಒಂದಕ್ಕೊಂದು ಸಿಕ್ಕಿಕೊಳ್ಳುತ್ತೆ. ಬಿಡಿಸೋಕೆ ಹೋದ್ರೆ ಕೈಯೆಲ್ಲ ಮಸಿ, ಹಾಳೆ ಹಾಳು. ಕಲಿಯೋವಾಗ ಒಂದು ಸಲ ಸಿಕ್ಕಿಸಿದ್ರೆ ಗೆಣ್ಣಿನ ಮೇಲೆ ರೂಲು ದೊಣ್ಣೆಯಿಂದ ಒಂದು ಏಟು. ಒಂದು ಬೆರಳು ಎದ್ದ ಮೇಲೇ ಇನ್ನೊಂದು ಇಳೀಬೇಕು. ಮೂವತ್ತನಾಲ್ಕು ವರ್ಷದಲ್ಲಿ ನಾನು ಒಂದು ಸಲನೂ ಸಿಕ್ಕಿಸಿಲ್ಲ."

ಮೇಷ್ಟ್ರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. "ಹಾಗಾದ್ರೆ ತಪ್ಪು ನಂದು. ಬೆರಳಿಗೆ ಪಾಠ ಹೇಳ್ತಾ ಇದ್ದೆ. ನಿಮ್ಮ ಬೆರಳು ಆಗಲೇ ಪಾಸಾಗಿಬಿಟ್ಟಿದೆ, ಅದು ಇನ್ನು ಯಾರ ಮಾತೂ ಕೇಳಲ್ಲ. ಅದನ್ನ ಬಿಡಿ. ಮೂರು ಬೆರಳನ್ನೂ ಕೀ ಮೇಲೆ ಸುಮ್ನೆ ಇಡಿ. ಒತ್ತಬೇಡಿ. ಈಗ ಮೊಣಕೈಯಿಂದ ಕೈಯನ್ನ ಭಾರ ಬಿಡಿ, ಆಫೀಸಿನ ಸೀಲು ಒತ್ತೋ ಹಾಗೆ."

ಸೀಲು ಒತ್ತುವುದು ಅವಳಿಗೆ ಗೊತ್ತಿತ್ತು. ಸೀಲು ಅಕ್ಷರ ಅಕ್ಷರವಾಗಿ ಬೀಳುವುದಿಲ್ಲ. ಉಸಿರು ಬಿಟ್ಟು ಕೈ ಇಳಿಸಿದಳು. ಪಿಯಾನೋದ ಹೊಟ್ಟೆಯೊಳಗಿಂದ ಆ ಅಗಲವಾದ ಸದ್ದು ಎದ್ದಿತು. ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು; ಸದ್ದು ಫಕ್ಕನೆ ನಿಂತಿತು.

"ಎಲ್ಲಿಗೆ ಓಡ್ತೀರಿ? ಒತ್ತಿ ಹಿಡಿದೇ ಇರಿ. ನೀವು ಬಿಟ್ರೆ ಅದು ಸಾಯುತ್ತೆ."

ಆಮೇಲಿನ ಹತ್ತು ಸಲದಲ್ಲಿ ನಾಲ್ಕು ಸರಿ ಬಂದವು. ಮರುದಿನ ಹತ್ತರಲ್ಲಿ ಏಳು. ಹತ್ತಕ್ಕೆ ಹತ್ತು ಒಮ್ಮೆಯೂ ಬರಲಿಲ್ಲ.

ಕಾರ್ಯಕ್ರಮದ ದಿನ ಕೋಣೆಯಲ್ಲಿ ನಲವತ್ತು ಕುರ್ಚಿ. ಒಂಬತ್ತು ಹೆಂಗಸರು ಮೂರು ಸಾಲಾಗಿ ನಿಂತರು. ಒಬ್ಬಳು ಮೊಮ್ಮಗುವನ್ನು ಯಾರದೋ ಮಡಿಲಿಗೆ ಹಾಕಿ ಬಂದಿದ್ದಳು. ಮೇಷ್ಟ್ರು ಎಡಗೈ ಎತ್ತಿ ತಲೆ ಆಡಿಸಿದರು. ಟೈಪಮ್ಮ ಕೈ ಇಳಿಸಿದಳು. ಹೆದರಿಕೆಗೆ ಬೆರಳುಗಳು ಹಳೆಯ ದಾರಿ ಹಿಡಿದವು: ಮೆಟ್ಟಿಲು ಇಳಿದ ಸದ್ದು. ಮೊದಲ ಸಾಲಿನವರು ಹಾಡಲು ಬಾಯಿ ತೆರೆದು ಮುಚ್ಚಿದರು. ಇಲ್ಲಿಂದ ಇಳಿದು ಹೋಗಲು ಹದಿನೇಳೇ ಮೆಟ್ಟಿಲು ಎಂದು ಅವಳಿಗೆ ಅನಿಸಿದ್ದೂ ನಿಜ.

ಮೇಷ್ಟ್ರು ಸಭೆಯ ಕಡೆ ತಿರುಗಲಿಲ್ಲ. "ಇನ್ನೊಂದು ಸಲ ಕೊಡಿ. ಅವಸರ ಏನಿಲ್ಲ" ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿದರು.

ಅವಳು ಮೂರು ಬೆರಳನ್ನು ಇಟ್ಟಳು. ಇಟ್ಟೇ ಇದ್ದಳು. ಒಬ್ಬರು ಕೆಮ್ಮಿದರು. ಆಮೇಲೆ ಕೈ ಭಾರ ಬಿಟ್ಟಳು.

ಮೂರೂ ಒಟ್ಟಿಗೆ ಬಿದ್ದವು. ಅವಳು ಹಿಡಿದೇ ಇದ್ದಳು. ಹೆಬ್ಬೆರಳಿನ ಸ್ವರವನ್ನು ಹಿಂದಿನ ಸಾಲು ತೆಗೆದುಕೊಂಡಿತು, ನಡುಬೆರಳಿನದನ್ನು ನಡುವಿನ ಸಾಲು, ಕಿರುಬೆರಳಿನದನ್ನು ಮುಂದಿನವರು. ಮೂರೂ ಸ್ವರ ಬೇರೆ ಬೇರೆಯಾಗಿ, ಆದರೂ ಒಂದೇ ಆಗಿ ಅವಳಿಗೆ ಕೇಳಿಸಿದ್ದು ಜೀವನದಲ್ಲಿ ಅದೇ ಮೊದಲು. ಉಳಿದ ಎರಡು ಕಾರ್ಡೂ ಸರಿಯಾಗಿ ಬಂದವು.

ಜನ ಕರಗಿದ ಮೇಲೆ ಪಿಯಾನೋ ಸಾಗಿಸುವವರು ಹಗ್ಗ, ಕಂಬಳಿ ಹಿಡಿದು ಬಂದರು. ಟೈಪಮ್ಮ ಇನ್ನೂ ಕುಳಿತೇ ಇದ್ದಳು. ಕಾರ್ಡ್ ಕೊಡುತ್ತಿದ್ದಳು, ಸದ್ದು ತಾನಾಗಿ ತೆಳುವಾಗಿ ಮುಗಿಯುವವರೆಗೆ ಕೇಳುತ್ತಿದ್ದಳು, ಮತ್ತೆ ಕೊಡುತ್ತಿದ್ದಳು.

"ಮುಗೀತಾ ಅಮ್ಮ?" ಎಂದ ಅವರಲ್ಲೊಬ್ಬ.

"ಅದನ್ನೇ ಎಷ್ಟು ಸಲ ನುಡಿಸ್ತೀರಿ?" ಎಂದರು ಮೇಷ್ಟ್ರು.

"ನನಗೆ ಬರೋದೇ ಇಷ್ಟು ಸಾರ್."

ಮೇಷ್ಟ್ರು ಪಕ್ಕಕ್ಕೆ ಬಂದು ನಿಂತು, ಎಡಗೈಯ ಒಂದು ಬೆರಳನ್ನು ಬಹಳ ಕೆಳಗಿನ ಸಿ ಮೇಲೆ ಇಟ್ಟರು. "ಸರಿ, ಒಟ್ಟಿಗೆ" ಎಂದರು. ಸಾಗಿಸುವವರು ಕಂಬಳಿಯನ್ನು ಕುರ್ಚಿಯ ಮೇಲಿಟ್ಟು ಕಾದರು.